ಮೊದಲ ಡಿಎಸ್‌ಎಲ್‌ಆರ್ ಕೊಳ್ಳುವ ಮುನ್ನ: ಬಾಡಿ ಆಮೇಲೆ, ಮೊದಲು ಲೆನ್ಸ್ ನೋಡಿ

ದಸರಾ ಹತ್ತಿರ ಬಂತೆಂದರೆ ಕ್ಯಾಮೆರಾ ಅಂಗಡಿಗಳಲ್ಲಿ ಆಫರ್‌ಗಳು ಶುರುವಾಗುತ್ತವೆ. ಕೊಡಗಿನಲ್ಲಿ ಫೋಟೋ ತೆಗೆಯುವ ಆಸೆ ಜೋರಾಗುವುದೂ ಆಗಲೇ. ಮಡಿಕೇರಿಯ ದಶಮಂಟಪ, ತಲಕಾವೇರಿಯ ತುಲಾ ಸಂಕ್ರಮಣ, ಅದರ ಹಿಂದೆಯೇ ಪುತ್ತರಿ. ಫೋನ್‌ನಲ್ಲಿ ತೆಗೆದ ಮಂಟಪದ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಕುಣಿಯುವವರ ಮುಖ ಕಲಸಿಹೋಗಿರುತ್ತದೆ. ಒಂದು ಒಳ್ಳೆಯ ಕ್ಯಾಮೆರಾ ಇದ್ದಿದ್ದರೆ ಅನ್ನಿಸುವುದು ಸಹಜ. ಹೋಂಸ್ಟೇ ನಡೆಸುವವರಿಗೂ ಈಗ ಒಳ್ಳೆಯ ಫೋಟೋ ಇಲ್ಲದೆ ಕೆಲಸ ಸಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಬದಲಾವಣೆ ಆಗಿದೆ. ಕಂಪನಿಗಳೂ ಮದುವೆ ಫೋಟೋಗ್ರಾಫರ್‌ಗಳೂ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ತಿರುಗಿದ್ದಾರೆ. ಹಾಗಾಗಿ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತಿವೆ. ಕೊಳ್ಳಲು ಹೊರಟವರ ಮುಂದೆ ಬರುವುದು ಮಾತ್ರ ಬರೀ ಅಂಕಿ ಅಕ್ಷರಗಳ ರಾಶಿ: 24 ಮೆಗಾಪಿಕ್ಸೆಲ್, 18-55, ಎಫ್/3.5-5.6, ಐಎಸ್, ವಿಆರ್. ಇವುಗಳ ಅರ್ಥ ಗೊತ್ತಾದರೆ ಆಯ್ಕೆ ಅಷ್ಟೇನೂ ಕಷ್ಟವಲ್ಲ. ಒಂದು ವಿಷಯವನ್ನು ಮಾತ್ರ ಮೊದಲೇ ಹೇಳಬೇಕು. ರಾತ್ರಿಯ ದಶಮಂಟಪಕ್ಕೆಂದೇ ಕಿಟ್ ಲೆನ್ಸ್ (ಕ್ಯಾಮೆರಾದ ಜೊತೆಗೇ ಬರುವ ಲೆನ್ಸ್) ಇರುವ ಡಿಎಸ್‌ಎಲ್‌ಆರ್ ಕೊಂಡರೆ ನಿರಾಸೆಯಾಗುವ ಸಂಭವ ಜಾಸ್ತಿ. ಕಾರಣ ಮುಂದೆ ಬರುತ್ತದೆ.

ಒಳಗೆ ಏನಾಗುತ್ತದೆ?

ಡಿಎಸ್‌ಎಲ್‌ಆರ್ ಅಂದರೆ ಡಿಜಿಟಲ್ ಸಿಂಗಲ್ ಲೆನ್ಸ್ ರಿಫ್ಲೆಕ್ಸ್. ಲೆನ್ಸ್ ಮೂಲಕ ಒಳಬಂದ ಬೆಳಕು 45 ಡಿಗ್ರಿ ಓರೆಯಾಗಿ ನಿಂತ ಒಂದು ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಅಲ್ಲಿರುವ ಇನ್ನಷ್ಟು ಕನ್ನಡಿಗಳು ಅಥವಾ ಗಾಜಿನ ಪಟ್ಟಕ ಅದನ್ನು ನಿಮ್ಮ ಕಣ್ಣಿನ ಹತ್ತಿರ ತರುತ್ತವೆ. ವ್ಯೂಫೈಂಡರ್‌ನಲ್ಲಿ ನೀವು ನೋಡುವುದು ಪರದೆಯ ಮೇಲಿನ ಚಿತ್ರವನ್ನಲ್ಲ, ಲೆನ್ಸ್ ಕಂಡ ನಿಜವಾದ ನೋಟವನ್ನೇ. ಬಟನ್ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಹಿಂದಿರುವ ಶಟರ್ ಅನ್ನುವ ಬಾಗಿಲು ತೆರೆಯುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. ಟಪ್ ಅನ್ನುವ ಸದ್ದು ಬರುವುದು ಇವುಗಳಿಂದಲೇ.

ಈ ರಚನೆಗೆ ಎರಡು ಲಾಭಗಳಿವೆ. ಸುಡುಬಿಸಿಲಿನಲ್ಲೂ ನೋಟ ಸ್ಪಷ್ಟವಾಗಿ ಕಾಣುತ್ತದೆ. ಪರದೆ ಸದಾ ಉರಿಯಬೇಕಿಲ್ಲವಾದ್ದರಿಂದ ಬ್ಯಾಟರಿಯೂ ಬಾಳುತ್ತದೆ. ನೈಕಾನ್ ಡಿ3500 ಒಂದು ಚಾರ್ಜ್‌ಗೆ ಸುಮಾರು 1,550 ಫೋಟೋ ತೆಗೆಯುತ್ತದೆ ಅನ್ನುವುದು ಉದ್ಯಮದ ಅಳತೆ. ಕ್ಯಾನನ್ 1500ಡಿಗೆ ಅದೇ ಅಳತೆಯಲ್ಲಿ ಸುಮಾರು 500. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ಸೆನ್ಸರ್ ದೊಡ್ಡದು, ಆದರೆ ಮೆಗಾಪಿಕ್ಸೆಲ್?

ಸೆನ್ಸರ್ ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಚಿಪ್. ಆರಂಭಿಕರಿಗೆಂದು ಕ್ಯಾನನ್ ಮತ್ತು ನೈಕಾನ್ ಮಾಡಿದ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವುದು ಎಪಿಎಸ್-ಸಿ ಅಳತೆಯ ಸೆನ್ಸರ್. ಕ್ಯಾನನ್‌ನಲ್ಲಿ ಸುಮಾರು 22.3 × 14.9 ಎಂಎಂ, ನೈಕಾನ್‌ನಲ್ಲಿ ಸುಮಾರು 23.5 × 15.6 ಎಂಎಂ. ಫೋನ್‌ಗಳ ಸೆನ್ಸರ್ ಇದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು.

ಮನೆ ಮುಂದಿನ ಕಾಫಿ ಕಣವನ್ನು ನೆನೆಸಿಕೊಳ್ಳಿ. ಕಣ ದೊಡ್ಡದಾದಷ್ಟೂ ಅದರ ಮೇಲೆ ಬೀಳುವ ಒಟ್ಟು ಬಿಸಿಲು ಜಾಸ್ತಿ. ಅದೇ ಕಣದಲ್ಲಿ ಗೆರೆ ಎಳೆದು 18 ಚೌಕಗಳ ಬದಲು 24 ಚೌಕ ಮಾಡಿದರೆ ಬಿಸಿಲೇನೂ ಹೆಚ್ಚುವುದಿಲ್ಲ. ಸೆನ್ಸರ್ ಅಂದರೆ ಆ ಕಣ, ಮೆಗಾಪಿಕ್ಸೆಲ್ ಅಂದರೆ ಚೌಕಗಳ ಲೆಕ್ಕ. ಫೋನ್‌ನಲ್ಲಿ 108 ಮೆಗಾಪಿಕ್ಸೆಲ್ ಇದೆ, ಈ ಕ್ಯಾಮೆರಾದಲ್ಲಿ ಬರೀ 24 ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

24 ಮೆಗಾಪಿಕ್ಸೆಲ್ ಅಂದರೆ ಸುಮಾರು 6000 × 4000 ಚುಕ್ಕೆಗಳು. ಮದುವೆ ಆಲ್ಬಮ್‌ನ 12 × 18 ಇಂಚಿನ ಪುಟಕ್ಕೆ ಇದು ಸಾಕಾಗಿ ಮಿಗುತ್ತದೆ. 18 ಮೆಗಾಪಿಕ್ಸೆಲ್ ಕೂಡ ಆ ಅಳತೆಗೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಈ ಅಂಕಿ ನೋಡಿ ಕ್ಯಾಮೆರಾ ಆರಿಸುವುದು ಬೇಡ.

ಕಿಟ್ ಲೆನ್ಸ್ ಮೇಲೆ ಬರೆದಿರುವುದು ಏನು?

ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಅದರ ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಬರುವ ಲೆನ್ಸ್‌ಗೆ ಕಿಟ್ ಲೆನ್ಸ್ ಅನ್ನುತ್ತಾರೆ. ಸಾಮಾನ್ಯವಾಗಿ ಅದು 18-55 ಎಂಎಂ ಎಫ್/3.5-5.6. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಒಂದೊಂದಾಗಿ ನೋಡೋಣ.

18-55 ಅನ್ನುವುದು ಫೋಕಲ್ ಲೆಂಗ್ತ್. ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. 18ರಲ್ಲಿ ರಾಜಾಸೀಟ್‌ನಿಂದ ಕಾಣುವ ಕಣಿವೆಯ ಬಹುಪಾಲು ಚೌಕಟ್ಟಿನೊಳಗೆ ಬರುತ್ತದೆ. 55ರಲ್ಲಿ ಎದುರು ನಿಂತವರ ಮುಖ ಮತ್ತು ಭುಜ ತುಂಬಿಕೊಳ್ಳುತ್ತವೆ. ಮರದ ತುದಿಯಲ್ಲಿ ಕೂತ ಮಂಗಟ್ಟೆ ಹಕ್ಕಿ ಮಾತ್ರ 55ರಲ್ಲೂ ಒಂದು ಚುಕ್ಕೆಯೇ.

ಹಳೆಯ ಫಿಲ್ಮ್ ಕ್ಯಾಮೆರಾದ ಅಳತೆಗೆ ಹೋಲಿಸಿ ಮಾತಾಡುವಾಗ ಈ ಅಂಕಿಯನ್ನು ಕ್ಯಾನನ್‌ನಲ್ಲಿ 1.6ರಿಂದ, ನೈಕಾನ್‌ನಲ್ಲಿ 1.5ರಿಂದ ಗುಣಿಸುತ್ತಾರೆ. ಇದೇ ಕ್ರಾಪ್ ಫ್ಯಾಕ್ಟರ್. ಎಪಿಎಸ್-ಸಿ ಸೆನ್ಸರ್ ಫಿಲ್ಮ್‌ನ 36 × 24 ಎಂಎಂಗಿಂತ ಚಿಕ್ಕದಾದ್ದರಿಂದ ನೋಟದ ಅಂಚುಗಳು ಕತ್ತರಿಸಿಹೋಗುತ್ತವೆ, ಅಷ್ಟೆ. ಕೊಳ್ಳುವಾಗ ಈ ಲೆಕ್ಕ ದೊಡ್ಡದೇನಲ್ಲ.

ಎಫ್/3.5-5.6 ಅನ್ನುವುದೇ ನಿಜವಾದ ವಿಷಯ. ಎಫ್ ಸಂಖ್ಯೆ ಲೆನ್ಸ್ ಒಳಗಿನ ರಂಧ್ರ, ಅಂದರೆ ಅಪರ್ಚರ್, ಎಷ್ಟು ಅಗಲ ತೆರೆಯಬಲ್ಲದು ಅನ್ನುವುದರ ಅಳತೆ. ಇದು ಉಲ್ಟಾ ಓಡುತ್ತದೆ. ಸಂಖ್ಯೆ ಚಿಕ್ಕದಾದರೆ ರಂಧ್ರ ದೊಡ್ಡದು, ಬೆಳಕು ಜಾಸ್ತಿ. ಎರಡು ಸಂಖ್ಯೆ ಏಕೆಂದರೆ ಝೂಮ್ ಮಾಡಿದಂತೆ ಈ ಸಾಮರ್ಥ್ಯ ಬದಲಾಗುತ್ತದೆ. 18ರಲ್ಲಿ ಎಫ್/3.5 ತನಕ ತೆರೆಯುವ ಲೆನ್ಸ್ 55ಕ್ಕೆ ಹೋಗುವಷ್ಟರಲ್ಲಿ ಎಫ್/5.6ಕ್ಕೆ ನಿಂತುಬಿಡುತ್ತದೆ. ಅಲ್ಲಿ ಸೆನ್ಸರ್‌ಗೆ ಸಿಗುವ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆ. ಎಫ್/1.8 ಲೆನ್ಸ್‌ಗೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಕಡಿಮೆ.

ಬೆಳಕು ಕಡಿಮೆಯಾದಾಗ ಕ್ಯಾಮೆರಾಗೆ ಎರಡೇ ದಾರಿ. ಒಂದು, ಶಟರ್ ಹೆಚ್ಚು ಹೊತ್ತು ತೆರೆದಿಡುವುದು. ಆಗ ಕೈ ಅಲುಗಿದ್ದು, ಎದುರಿನವರು ಅಲುಗಿದ್ದು ಎಲ್ಲ ದಾಖಲಾಗಿ ಫೋಟೋ ಕಲಸಿಹೋಗುತ್ತದೆ. ಇನ್ನೊಂದು, ಐಎಸ್‌ಒ ಏರಿಸುವುದು. ಐಎಸ್‌ಒ ಅಂದರೆ ಸೆನ್ಸರ್ ಕೊಟ್ಟ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಲೆಕ್ಕ. 100, 200, 400 ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಸಂಕೇತದ ಜೊತೆ ಅದರ ಕೊರತೆಗಳೂ ಹಿಗ್ಗುತ್ತವೆ. ಹಾಗಾಗಿ 3200, 6400ರ ಹೊತ್ತಿಗೆ ನೆರಳಿರುವ ಕಡೆ ಬಣ್ಣಬಣ್ಣದ ಕಾಳುಗಳು ಕಾಣತೊಡಗುತ್ತವೆ.

ಲೆನ್ಸ್ ಹೆಸರಿನಲ್ಲಿ ನೋಡಬೇಕಾದ ಇನ್ನೊಂದು ಗುರುತು ಕ್ಯಾನನ್‌ನಲ್ಲಿ ಐಎಸ್, ನೈಕಾನ್‌ನಲ್ಲಿ ವಿಆರ್. ಎರಡೂ ಒಂದೇ: ಕೈ ನಡುಕವನ್ನು ಸರಿದೂಗಿಸಲು ಲೆನ್ಸ್ ಒಳಗಿನ ಗಾಜು ಅಲುಗುವ ವ್ಯವಸ್ಥೆ. ಈ ಗುರುತು ಇಲ್ಲದ 18-55 ಲೆನ್ಸ್‌ಗಳೂ ಇವೆ. ಹೊರಗಿನಿಂದ ನೋಡಿದರೆ ಒಂದೇ ಥರ. ಕೆಲವು ಆಫರ್‌ಗಳಲ್ಲಿ ಬೆಲೆ ಕಡಿಮೆ ಕಾಣುವುದು ಇದರಿಂದಲೂ ಇರಬಹುದು. ಲೆನ್ಸ್ ಮೇಲೆ ಆ ಎರಡು ಅಕ್ಷರ ಇದೆಯೇ ಎಂದು ನೋಡಿಯೇ ಕೊಳ್ಳಿ. ಅದು ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು ಮಾತ್ರ ಅನ್ನುವುದೂ ನೆನಪಿರಲಿ. ಎದುರಿಗೆ ಕುಣಿಯುವವರನ್ನು ಅದು ನಿಲ್ಲಿಸಲಾರದು.

ಕೊಡಗಿನಲ್ಲಿ ಕಿಟ್ ಲೆನ್ಸ್ ಗೆಲ್ಲುವ ಜಾಗಗಳು

ಹಗಲಿನ ಹೆಚ್ಚಿನ ಕೆಲಸಗಳಿಗೆ ಈ ಲೆನ್ಸ್ ಚೆನ್ನಾಗಿಯೇ ಆಗುತ್ತದೆ. ಇದನ್ನು ಕೀಳಾಗಿ ಕಾಣುವ ಮಾತು ಆಗಾಗ ಕೇಳಿಬರುತ್ತದೆ, ಅದು ಸರಿಯಲ್ಲ.

ಕಾಫಿ ಹೂವನ್ನೇ ತೆಗೆದುಕೊಳ್ಳಿ. ಹೂಮಳೆ ಬಿದ್ದು ಕೆಲವು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮತ್ತೆರಡು ಮೂರು ದಿನದಲ್ಲಿ ಬಾಡಿಹೋಗುತ್ತದೆ. ಆ ಹೂಗೊಂಚಲನ್ನು ಹತ್ತಿರದಿಂದ ತೆಗೆಯಬೇಕು. ಕ್ಯಾನನ್ ಮತ್ತು ನೈಕಾನ್ ಎರಡರ ಈಗಿನ ಕಿಟ್ ಲೆನ್ಸ್‌ಗಳೂ ಸುಮಾರು 25 ಸೆಂಟಿಮೀಟರ್ ಹತ್ತಿರದಲ್ಲಿ ಫೋಕಸ್ ಮಾಡುತ್ತವೆ. ಈ ಅಳತೆ ಲೆನ್ಸ್ ತುದಿಯಿಂದಲ್ಲ, ಸೆನ್ಸರ್‌ನಿಂದ. 55ಕ್ಕೆ ತಿರುಗಿಸಿ ಹತ್ತಿರ ಹೋದರೆ ಗೊಂಚಲು ಚೌಕಟ್ಟಿನ ತುಂಬ ಬರುತ್ತದೆ. ಜನ ಮೆಚ್ಚುವ ಕ್ಯಾನನ್‌ನ 50 ಎಂಎಂ ಎಫ್/1.8 ಲೆನ್ಸ್ 35 ಸೆಂಟಿಮೀಟರ್‌ಗಿಂತ ಹತ್ತಿರ ಹೋಗುವುದಿಲ್ಲ. ಹೂವಿನ ಮಟ್ಟಿಗೆ ಕಿಟ್ ಲೆನ್ಸ್‌ನದೇ ಮೇಲುಗೈ.

ಅಬ್ಬಿ, ಇರ್ಪು, ಮಲ್ಲಳ್ಳಿ ಜಲಪಾತಗಳಲ್ಲಿ ನೀರು ಹಾಲಿನ ಧಾರೆಯಾಗಿ ಕಾಣಬೇಕಾದರೆ ಶಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿರಬೇಕು. ಅಲ್ಲಿ ಅಗಲ ರಂಧ್ರ ಬೇಕಿಲ್ಲ, ಬೇಕಾದ್ದು ಟ್ರೈಪಾಡ್. ಐನ್‌ಮನೆಯ ಜಗಲಿ, ಕೆತ್ತನೆಯ ಕಂಬ, ಹೋಂಸ್ಟೇ ಕೋಣೆ ಇವೂ ಅಷ್ಟೆ. ಅಲುಗದ ವಸ್ತು, ಟ್ರೈಪಾಡ್, ಐಎಸ್‌ಒ 100, ಎಫ್/8. ಒಳಗೆ ಎಷ್ಟೇ ಕತ್ತಲಿರಲಿ, ಫೋಟೋ ಶುಭ್ರವಾಗಿ ಬರುತ್ತದೆ. ಹೋಂಸ್ಟೇ ಫೋಟೋಗಳಿಗೆಂದು ಕ್ಯಾಮೆರಾ ಕೊಳ್ಳುವವರಿಗೆ ಎರಡನೇ ಲೆನ್ಸ್‌ಗಿಂತ ಒಂದು ಗಟ್ಟಿ ಟ್ರೈಪಾಡ್ ಹೆಚ್ಚು ಉಪಯೋಗ.

ಮಂಜಿನಲ್ಲಿ ಒಂದು ಸಣ್ಣ ತೊಡಕಿದೆ. ಮಾಂದಲಪಟ್ಟಿಯಲ್ಲಿ ಬೆಳಗಿನ ಮಂಜನ್ನು ತೆಗೆದರೆ ಫೋಟೋ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅದು ಲೆನ್ಸ್‌ನ ದೋಷವಲ್ಲ. ಎದುರಿನ ದೃಶ್ಯ ಸರಾಸರಿ ಬೂದು ಛಾಯೆಯದು ಎಂದು ಎಣಿಸಿಯೇ ಕ್ಯಾಮೆರಾ ಬೆಳಕನ್ನು ಅಳೆಯುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನುವ ಪ್ಲಸ್ ಮೈನಸ್ ಗುರುತಿನ ಬಟನ್‌ನಲ್ಲಿ ಪ್ಲಸ್ 1 ಇಟ್ಟರೆ ಮಂಜು ಬಿಳಿಯಾಗಿಯೇ ಬರುತ್ತದೆ.

ಸೋಲುವ ಜಾಗಗಳು

ದಶಮಂಟಪಕ್ಕೆ ಬರೋಣ. ರಾತ್ರಿ, ಬಣ್ಣದ ದೀಪ, ಅಲುಗುವ ಮೂರ್ತಿಗಳು, ಕುಣಿಯುವ ಜನ. ಕುಣಿಯುವವರನ್ನು ಸ್ಪಷ್ಟವಾಗಿ ಹಿಡಿಯಲು ಕನಿಷ್ಠ 1/250 ಸೆಕೆಂಡ್ ಶಟರ್ ಬೇಕು. 55 ಎಂಎಂನಲ್ಲಿ ಎಫ್/5.6 ಇಟ್ಟಾಗ 1/25 ಸೆಕೆಂಡ್ ಕೇಳುವ ಬೆಳಕು ಅಲ್ಲಿದೆ ಅಂದುಕೊಳ್ಳಿ. ಅದೇ ಬೆಳಕಿನಲ್ಲಿ, ಅದೇ ಐಎಸ್‌ಒದಲ್ಲಿ, ಎಫ್/1.8 ಲೆನ್ಸ್ 1/250ಕ್ಕೆ ಹೋಗಬಲ್ಲದು. ಹತ್ತು ಪಟ್ಟು ಬೆಳಕು ಅಂದದ್ದರ ಅರ್ಥ ಇದೇ.

ಈಗಿನ ಫೋನ್‌ಗಳ ಮುಖ್ಯ ಲೆನ್ಸ್ ಬಹುಮಟ್ಟಿಗೆ ಎಫ್/1.8ರ ಆಸುಪಾಸಿನದು. ಜೊತೆಗೆ ಹಲವು ಫೋಟೋಗಳನ್ನು ಒಂದರ ಮೇಲೊಂದು ಸೇರಿಸಿ ಕಾಳುಗಳನ್ನು ಅಳಿಸುತ್ತವೆ. ಆದ್ದರಿಂದ ಕಿಟ್ ಲೆನ್ಸ್‌ನಲ್ಲಿ ತೆಗೆದ ರಾತ್ರಿಯ ಫೋಟೋ ಮೊದಲ ನೋಟಕ್ಕೆ ಒಳ್ಳೆಯ ಫೋನ್‌ನದಕ್ಕಿಂತ ಮಿಗಿಲಾಗಿ ಕಾಣದೆ ಇರಬಹುದು. ಇಷ್ಟೊಂದು ಹಣ ಕೊಟ್ಟೂ ಹೀಗಾ ಅಂತ ಬೇಸರ ಬರುವುದು ಇಲ್ಲೇ. ಕ್ಯಾಮೆರಾದ ತಪ್ಪಲ್ಲ ಅದು. ಅದೇ ಬಾಡಿಗೆ ಎಫ್/1.8 ಲೆನ್ಸ್ ಹಾಕಿದರೆ ದೊಡ್ಡ ಸೆನ್ಸರ್‌ನ ಬಲ ಆಗ ಕಾಣುತ್ತದೆ. ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗಲೂ ಇದೇ ಲೆಕ್ಕ.

ಎರಡನೇ ಸೋಲು ದೂರದ್ದು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ಬೇಸಿಗೆಯ ಬಿಸಿಲಿನಲ್ಲಿ ನಡೆಯುತ್ತದೆ. ಅಲ್ಲಿ ಬೆಳಕಿಗೆ ಬರವಿಲ್ಲ. ಎಫ್/5.6ರಲ್ಲೂ, ಐಎಸ್‌ಒ 200ರಲ್ಲೇ 1/1000 ಸೆಕೆಂಡ್ ಸಿಗುತ್ತದೆ. ಚೆಂಡು, ಸ್ಟಿಕ್, ಧೂಳು ಎಲ್ಲ ನಿಂತುಬಿಡುತ್ತವೆ. ಆದರೆ ಮೈದಾನದ ಆಚೆ ತುದಿಯ ಆಟಗಾರ 55 ಎಂಎಂನಲ್ಲಿ ಬೆರಳಿನಷ್ಟೂ ಕಾಣುವುದಿಲ್ಲ. ಅಲ್ಲಿ ಬೇಕಾದ್ದು 250 ಅಥವಾ 300 ಎಂಎಂ. ಹಕ್ಕಿಗಳಿಗೂ ಅಷ್ಟೇ, ನಿಜ ಹೇಳಬೇಕೆಂದರೆ ಹಕ್ಕಿಗಳಿಗೆ 300 ಕೂಡ ಸಾಲುವುದಿಲ್ಲ ಅನ್ನಿಸುತ್ತದೆ.

ಇಲ್ಲಿ ಒಂದು ಕಳಕಳಿಯ ಮಾತು. ತೋಟಕ್ಕೆ ಕಾಡಾನೆ ಬಂದಾಗ 18-55 ಹಿಡಿದು ಹತ್ತಿರ ಹೋಗುವ ಯೋಚನೆಯನ್ನು ಯಾರೂ ಮಾಡಬೇಡಿ. ದೂರದ ಲೆನ್ಸ್ ಇಲ್ಲವೆಂದರೆ ಆ ಫೋಟೋ ಬೇಡ.

ಹಾಗಾದರೆ ಯಾವ ಬಾಡಿ?

ಹೆಸರುಗಳಿಗೆ ಬರೋಣ. ಆರಂಭಿಕರ ಸಾಲಿನಲ್ಲಿ ನಮ್ಮ ಕಡೆ ಹೆಚ್ಚಾಗಿ ಕೇಳಿಬರುವವು ಕ್ಯಾನನ್‌ನ 3000ಡಿ, 1500ಡಿ, 200ಡಿ ಮಾರ್ಕ್ 2, ಮತ್ತು ನೈಕಾನ್‌ನ ಡಿ3500, ಡಿ5600.

ಕ್ಯಾನನ್ 3000ಡಿ ಮತ್ತು 1500ಡಿ ಎರಡೂ 2018ರಲ್ಲಿ ಬಂದವು. 3000ಡಿಯಲ್ಲಿ 18 ಮೆಗಾಪಿಕ್ಸೆಲ್. ಲೆನ್ಸ್ ಕೂರುವ ಬಳೆ ಲೋಹದ್ದಲ್ಲ, ಪ್ಲಾಸ್ಟಿಕ್. ಹಿಂದಿನ ಪರದೆಯೂ ಚಿಕ್ಕದು, ಮಂಕು. ಬೆಲೆಯ ವ್ಯತ್ಯಾಸ ತೀರಾ ದೊಡ್ಡದಲ್ಲದಿದ್ದರೆ 1500ಡಿಯೇ ಮೇಲು. ಅದರಲ್ಲಿ 24 ಮೆಗಾಪಿಕ್ಸೆಲ್, ಲೋಹದ ಬಳೆ ಇದೆ. ಫೋನ್‌ಗೆ ಫೋಟೋ ಕಳಿಸಲು ವೈಫೈ ಎರಡರಲ್ಲೂ ಇದೆ. 1500ಡಿಯಲ್ಲಿ ಫೋಕಸ್ ಬಿಂದುಗಳು (ಚೌಕಟ್ಟಿನಲ್ಲಿ ಕ್ಯಾಮೆರಾ ತಾನೇ ಫೋಕಸ್ ಮಾಡಬಲ್ಲ ಜಾಗಗಳು) 9, ಸೆಕೆಂಡಿಗೆ 3 ಫೋಟೋ.

ನೈಕಾನ್ ಡಿ3500 ಕೂಡ 2018ರದ್ದು. 11 ಫೋಕಸ್ ಬಿಂದು, ಸೆಕೆಂಡಿಗೆ 5 ಫೋಟೋ. ಕೈಯಲ್ಲಿ ಹಿಡಿಯಲು ಹಗುರ. ಹಾಕಿಯಂಥ ಆಟಕ್ಕೆ 3ಕ್ಕಿಂತ 5 ಒಳ್ಳೆಯದು. ಇದರಲ್ಲಿ ವೈಫೈ ಇಲ್ಲ, ಬ್ಲೂಟೂತ್ ಮಾತ್ರ. ಡಿ5600ರಲ್ಲಿ 39 ಫೋಕಸ್ ಬಿಂದು ಮತ್ತು ಪಕ್ಕಕ್ಕೆ ತೆರೆದು ತಿರುಗುವ ಟಚ್ ಪರದೆ ಇದೆ. ನೈಕಾನ್ ಈ ಎರಡರ ತಯಾರಿಕೆಯನ್ನೂ ನಿಲ್ಲಿಸಿದೆ. ಸಿಗುವುದು ಉಳಿದ ದಾಸ್ತಾನು ಅಥವಾ ಸೆಕೆಂಡ್ ಹ್ಯಾಂಡ್.

ವಿಡಿಯೋ ಮಾಡುವ ಆಸೆ ಇದ್ದರೆ ಲೆಕ್ಕ ಬದಲಾಗುತ್ತದೆ. ವಿಡಿಯೋ ತೆಗೆಯುವಾಗ ಕನ್ನಡಿ ಮೇಲೆದ್ದೇ ಇರುತ್ತದೆ, ಆಗ ಡಿಎಸ್‌ಎಲ್‌ಆರ್‌ನ ವೇಗದ ಫೋಕಸ್ ವ್ಯವಸ್ಥೆ ಕೆಲಸ ಮಾಡುವುದಿಲ್ಲ. 1500ಡಿ, ಡಿ3500 ಎರಡೂ ಆಗ ತಡವರಿಸುತ್ತವೆ. ಎರಡರಲ್ಲೂ ಹೊರಗಿನ ಮೈಕ್ ಸಿಕ್ಕಿಸುವ ಜಾಗವಿಲ್ಲ. 2019ರ ಕ್ಯಾನನ್ 200ಡಿ ಮಾರ್ಕ್ 2 ಸೆನ್ಸರ್ ಮೇಲೆಯೇ ಚುರುಕಾಗಿ ಫೋಕಸ್ ಮಾಡುತ್ತದೆ. ಮೈಕ್ ಜಾಗ, ತಿರುಗುವ ಪರದೆ ಎರಡೂ ಇವೆ. ಫೋಟೋ ಮತ್ತು ವಿಡಿಯೋ ಎರಡೂ ಬೇಕೆನ್ನುವವರಿಗೆ ಈ ಐದರಲ್ಲಿ ನನ್ನ ಒಲವು ಇದರ ಕಡೆಗೆ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಎರಡು ವಿಷಯಗಳಿವೆ. ಒಂದು, ಡಿ3500 ಮತ್ತು ಡಿ5600ರ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಲೆನ್ಸ್ ಒಳಗೇ ಇರಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದ ನೈಕಾನ್ ಲೆನ್ಸ್‌ಗಳು ಸರಿ. ಅಗ್ಗಕ್ಕೆ ಸಿಗುವ ಹಳೆಯ 50 ಎಂಎಂ ಎಫ್/1.8ಡಿ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಕ್ಯಾನನ್‌ನ ಇಎಫ್ ಮತ್ತು ಇಎಫ್-ಎಸ್ ಲೆನ್ಸ್‌ಗಳಲ್ಲಿ ಈ ತಾಪತ್ರಯವಿಲ್ಲ. ಇನ್ನೊಂದು ಕ್ಯಾನನ್‌ನ ಕಡೆಯದು. ಮೇಲೆ ಹೇಳಿದ ಮೂರೂ ಮಾದರಿಗಳ ಫ್ಲಾಶ್ ಕೂರುವ ಜಾಗದಲ್ಲಿ ನಡುವಿನ ಪಿನ್ ಇಲ್ಲ. ಹಾಗಾಗಿ ಬೇರೆ ಕಂಪನಿಗಳ ಅಗ್ಗದ ಸಾದಾ ಫ್ಲಾಶ್‌ಗಳು ಇವುಗಳ ಮೇಲೆ ಉರಿಯುವುದಿಲ್ಲ. ಕ್ಯಾನನ್‌ಗೆಂದೇ ಮಾಡಿದ್ದು ಬೇಕು. ಮದುವೆ ಮನೆಯ ಫೋಟೋ ತೆಗೆಯಬೇಕೆಂದಿರುವವರು ಇದನ್ನು ಕೇಳಿ ತಿಳಿದುಕೊಳ್ಳಿ.

ಇಷ್ಟಾದ ಮೇಲೂ ಗೊಂದಲವಿದ್ದರೆ ಅಂಗಡಿಗೆ ಹೋಗಿ ಕ್ಯಾನನ್, ನೈಕಾನ್ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಬೆರಳು ಬಟನ್‌ಗಳ ಮೇಲೆ ತಾನಾಗಿಯೇ ಕೂರುವ ಕ್ಯಾಮೆರಾವೇ ಮನೆಯಿಂದ ಹೊರಗೆ ಬರುತ್ತದೆ. ಅದಕ್ಕಾಗಿ ಮೈಸೂರಿಗೋ ಮಂಗಳೂರಿಗೋ ಒಂದು ಸಲ ಹೋಗಿಬಂದರೂ ನಷ್ಟವಿಲ್ಲ.

ಎರಡು ಲೆನ್ಸ್ ಇರುವ ಕಿಟ್ ತಗೊಳ್ಳೋದಾ?

18-55 ಜೊತೆಗೆ ಕ್ಯಾನನ್‌ನಲ್ಲಿ 55-250, ನೈಕಾನ್‌ನಲ್ಲಿ 70-300 ಸೇರಿಸಿ ಮಾರುತ್ತಾರೆ. ಹಾಕಿ, ದುಬಾರೆಯಲ್ಲಿ ಹೊಳೆಯಾಚೆಯ ಆನೆಗಳು, ತೋಟದ ಹಕ್ಕಿಗಳು ನಿಮ್ಮ ಆಸಕ್ತಿಯಾದರೆ ಇದು ಒಳ್ಳೆಯ ವ್ಯಾಪಾರ. ದೂರದ ಲೆನ್ಸ್‌ನಲ್ಲಂತೂ ಐಎಸ್ ಅಥವಾ ವಿಆರ್ ಇರಲೇಬೇಕು. 300 ಎಂಎಂನಲ್ಲಿ ಕೈ ಒಂಚೂರು ನಡುಗಿದರೂ ಫೋಟೋ ಹಾಳು. ನೈಕಾನ್ 70-300ರಲ್ಲಿ ವಿಆರ್ ಇಲ್ಲದ್ದೂ ಒಂದಿದೆ, ಹೆಸರು ಪೂರ್ತಿ ಓದಿ.

ಮನೆಮಂದಿ, ಮಕ್ಕಳು, ಹಬ್ಬ, ಸಂಜೆಯ ಕಾರ್ಯಕ್ರಮಗಳೇ ಹೆಚ್ಚು ಅನ್ನುವವರು ದೂರದ ಲೆನ್ಸ್ ಬಿಟ್ಟು ಒಂದೇ ಫೋಕಲ್ ಲೆಂಗ್ತ್ ಇರುವ ಎಫ್/1.8 ಲೆನ್ಸ್ ಕೊಳ್ಳುವುದು ಮೇಲು. ಇದಕ್ಕೆ ಪ್ರೈಮ್ ಲೆನ್ಸ್ ಅನ್ನುತ್ತಾರೆ. ಕ್ಯಾನನ್‌ಗೆ 50 ಎಂಎಂ ಎಫ್/1.8 ಎಸ್‌ಟಿಎಂ, ನೈಕಾನ್‌ಗೆ 35 ಎಂಎಂ ಎಫ್/1.8ಜಿ ಡಿಎಕ್ಸ್. ಝೂಮ್ ಇಲ್ಲ, ನಾವೇ ಹಿಂದೆ ಮುಂದೆ ನಡೆಯಬೇಕು. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ ಸ್ವಲ್ಪ ಇಕ್ಕಟ್ಟು. ಮುಖದ ಫೋಟೋಗೆ ಚೆಂದ, ಕೋಣೆಯೊಳಗೆ ಗುಂಪು ಹಿಡಿಯಲು ಸಾಲದು.

ಮೊದಲ ದಿನವೇ ಎಲ್ಲ ಕೊಳ್ಳುವ ಅವಸರ ಬೇಡ. ಒಂದು ಲೆನ್ಸ್‌ನ ಕಿಟ್ ತಗೊಂಡು ಒಂದು ವರ್ಷದ ಹಬ್ಬ, ಮಳೆ, ಹೂವು ಎಲ್ಲ ತೆಗೆದು ನೋಡಿ. ಹೆಚ್ಚಿನ ಫೋಟೋಗಳು 55ರ ತುದಿಯಲ್ಲಿ ಸಿಕ್ಕಿಕೊಂಡಿದ್ದರೆ ದೂರದ ಲೆನ್ಸ್ ಬೇಕು. ಐಎಸ್‌ಒ 6400ರಲ್ಲಿ ಒದ್ದಾಡಿದ್ದರೆ ಎಫ್/1.8 ಬೇಕು. ಪ್ರತಿ ಫೋಟೋದ ಮಾಹಿತಿಯಲ್ಲಿ ಈ ಅಂಕಿಗಳೆಲ್ಲ ತಾವಾಗಿಯೇ ದಾಖಲಾಗಿರುತ್ತವೆ.

ಮಿರರ್‌ಲೆಸ್ ಬಂದಮೇಲೆ ಡಿಎಸ್‌ಎಲ್‌ಆರ್ ಯಾಕೆ?

ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ. ಸೆನ್ಸರ್ ಕಂಡದ್ದನ್ನು ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಫೋಕಸ್ ಚುರುಕು, ಮುಖ ಮತ್ತು ಕಣ್ಣನ್ನು ಹುಡುಕಿ ಹಿಡಿಯುತ್ತದೆ, ವಿಡಿಯೋಗೂ ಒಳ್ಳೆಯದು. ಹೊಸ ಮಾದರಿ, ಹೊಸ ಲೆನ್ಸ್ ಬರುತ್ತಿರುವುದೆಲ್ಲ ಇದರಲ್ಲೇ. ಹಣದ ಚಿಂತೆ ಇಲ್ಲದೆ, ಎಲ್ಲವನ್ನೂ ಹೊಸದಾಗಿಯೇ ಕೊಳ್ಳುವುದಾದರೆ 2023ರ ಕ್ಯಾನನ್ ಆರ್50ಯಂಥದ್ದನ್ನು ನೋಡುವುದು ಸರಿ.

ಆದರೆ ಲೆನ್ಸ್ ಲೆಕ್ಕ ಇಲ್ಲೂ ತಪ್ಪುವುದಿಲ್ಲ. ಆರ್50 ಜೊತೆ ಬರುವ 18-45 ಲೆನ್ಸ್ ಎಫ್/4.5-6.3. ನೈಕಾನ್ ಝಡ್30ರ 16-50 ಕೂಡ ತುದಿಯಲ್ಲಿ ಎಫ್/6.3. ರಾತ್ರಿಗೆ ಇವು ಡಿಎಸ್‌ಎಲ್‌ಆರ್ ಕಿಟ್ ಲೆನ್ಸ್‌ಗಿಂತಲೂ ಬಡವು.

ಡಿಎಸ್‌ಎಲ್‌ಆರ್‌ನ ದೊಡ್ಡ ಆಸ್ತಿ ಹಳೆಯ ಲೆನ್ಸ್‌ಗಳ ಕಣಜ. ಕ್ಯಾನನ್ ಇಎಫ್ ಲೆನ್ಸ್‌ಗಳು 1987ರಿಂದ, ನೈಕಾನ್‌ನ ಎಫ್ ಮೌಂಟ್ (ಲೆನ್ಸ್ ಕೂರುವ ಬಳೆಯ ವ್ಯವಸ್ಥೆ) 1959ರಿಂದ ಇವೆ. ಮುಂದೆ ಅದೇ ಕಂಪನಿಯ ಮಿರರ್‌ಲೆಸ್‌ಗೆ ಹೋದರೂ ಅಡಾಪ್ಟರ್ ಹಾಕಿ ಇಎಫ್, ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳನ್ನು ಆಟೋಫೋಕಸ್ ಸಮೇತ ಬಳಸಬಹುದು. ಹಾಕಿದ ದುಡ್ಡು ಪೂರ್ತಿ ಮುಳುಗುವುದಿಲ್ಲ. ಸೀಮಿತ ಹಣದಲ್ಲಿ ಕಲಿಯುವವರಿಗೆ ಡಿಎಸ್‌ಎಲ್‌ಆರ್ ಈಗಲೂ ಯೋಗ್ಯವಾದ ದಾರಿ.

ಕೊಳ್ಳುವಾಗ ಪರೀಕ್ಷೆ ಹೇಗೆ?

ಹೊಸದಾದರೆ ಬಿಲ್ ಮತ್ತು ಭಾರತದ ವಾರಂಟಿ ಕಾರ್ಡ್ ಕೇಳಿ. ಬಾಡಿಯ ಸೀರಿಯಲ್ ನಂಬರ್, ಪೆಟ್ಟಿಗೆ, ಬಿಲ್ ಮೂರರಲ್ಲೂ ಒಂದೇ ಇರಬೇಕು. ವಿದೇಶದಿಂದ ಸುಮ್ನೆ ತಂದು ಅಗ್ಗಕ್ಕೆ ಮಾರುವ ಕ್ಯಾಮೆರಾಗೆ ಇಲ್ಲಿನ ವಾರಂಟಿ ಸಿಗದೆ ಹೋಗಬಹುದು.

ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಲೆನ್ಸ್ ಕಳಚಿ, ಫೋನ್‌ನ ಟಾರ್ಚ್ ಹಿಂದಿನಿಂದ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಗಾಜಿನ ಒಳಗೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಎಷ್ಟೇ ಅಗ್ಗವಾದರೂ ಬೇಡ. ಎಫ್/16 ಇಟ್ಟು ಆಕಾಶದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ. ಕಪ್ಪು ಚುಕ್ಕೆಗಳಿದ್ದರೆ ಸೆನ್ಸರ್ ಮೇಲೆ ಧೂಳಿದೆ. ಧೂಳು ತೆಗೆಸಬಹುದು, ಬೆಲೆ ಇಳಿಸಿ ಕೇಳಿ. ಶಟರ್ ಎಷ್ಟು ಸಲ ಓಡಿದೆ ಅನ್ನುವುದೂ ಮುಖ್ಯ. ಡಿ3500ರ ಶಟರ್ ಅನ್ನು 1,00,000 ಸಲಕ್ಕೆಂದು ಪರೀಕ್ಷಿಸಿದ್ದಾರೆ. ನೈಕಾನ್‌ನಲ್ಲಿ ಈ ಎಣಿಕೆ ಫೋಟೋ ಫೈಲ್‌ನೊಳಗೇ ಸಿಗುತ್ತದೆ. ಕ್ಯಾನನ್‌ನಲ್ಲಿ ಅಷ್ಟು ಸುಲಭವಲ್ಲ, ಸರ್ವಿಸ್ ಸೆಂಟರ್‌ನಲ್ಲಿ ಕೇಳಬೇಕಾಗಬಹುದು.

ಕೊಡಗಿನ ಮಳೆಗಾಲ ಮತ್ತು ಲೆನ್ಸ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಲೆನ್ಸ್‌ಗೂ ಹಿಡಿಯುತ್ತದೆ. ಬಯಲುಸೀಮೆಯವರು ಕೊಟ್ಟ ಸಲಹೆಗಳಲ್ಲಿ ಇದರ ಮಾತೇ ಇರುವುದಿಲ್ಲ. ಕೊಡಗಿನವರಿಗೆ ಇದು ಬ್ರ್ಯಾಂಡ್ ಆಯ್ಕೆಗಿಂತ ಮುಖ್ಯ.

ಈ ಸಾಲಿನ ಬಾಡಿಗಳಿಗಾಗಲಿ ಕಿಟ್ ಲೆನ್ಸ್‌ಗಳಿಗಾಗಲಿ ನೀರು ತಡೆಯುವ ರಕ್ಷಣೆ ಇಲ್ಲ. ಜಿಟಿಜಿಟಿ ಮಳೆಯಲ್ಲೂ ಹೊದಿಕೆ ಬೇಕು. ತಣ್ಣನೆಯ ಮಂಜಿನಿಂದ ಬೆಚ್ಚಗಿನ ಕೋಣೆಗೆ ಬಂದಾಗ ಬ್ಯಾಗಿನೊಳಗೇ ಅರ್ಧ ಗಂಟೆಯಾದರೂ ಬಿಡಿ. ಕೂಡಲೇ ತೆಗೆದರೆ ಗಾಜಿನ ಮೇಲೆ, ಕೆಲವೊಮ್ಮೆ ಒಳಗೂ, ನೀರಿನ ಆವಿ ಕೂರುತ್ತದೆ.

ಕ್ಯಾಮೆರಾವನ್ನು ಮಳೆಗಾಲದಲ್ಲಿ ಬ್ಯಾಗಿನಲ್ಲೇ ಮುಚ್ಚಿಡಬೇಡಿ. ಬ್ಯಾಗಿನ ಬಟ್ಟೆ ತೇವ ಹೀರಿ ಹಿಡಿದುಕೊಳ್ಳುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುವುದೂ ಬೇಡ. ಹೊಗೆಯ ಜಿಡ್ಡು, ಬಿಸಿ ಎರಡೂ ಲೆನ್ಸ್‌ಗೆ ಕೆಡುಕು. ಅಕ್ಕಿಯಲ್ಲಿ ಹೂತಿಟ್ಟರೆ ಅಕ್ಕಿಯ ಧೂಳು ಸಂದುಗಳಿಗೆ ಇಳಿಯುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಸಾಕು. ಮೀಟರ್ 40ರಿಂದ 50 ಪ್ರತಿಶತದೊಳಗೆ ಇರಲಿ. ಸಿಲಿಕಾ ಕಾಳುಗಳ ಬಣ್ಣ ತಿರುಗಿದರೆ ಬಿಸಿಮಾಡಿ ತೇವ ಆರಿಸಿ ಮತ್ತೆ ಬಳಸಬಹುದು. ಹಲವು ಲೆನ್ಸ್ ಇರುವವರಿಗೆ ಕರೆಂಟಿನ ಡ್ರೈ ಕ್ಯಾಬಿನೆಟ್ ಇದೆ.

ಮಳೆ ಬಿಡದಿದ್ದರೂ ವಾರಕ್ಕೊಮ್ಮೆ ಹೊರತೆಗೆದು ಹತ್ತಾರು ಫೋಟೋ ತೆಗೆಯಿರಿ. ಕತ್ತಲಲ್ಲಿ, ಅಲುಗದೆ, ತೇವದಲ್ಲಿ ಬಿದ್ದಿರುವ ಗಾಜಿನ ಮೇಲೆಯೇ ಫಂಗಸ್ ಹುಟ್ಟುವುದು. ಒಂದು ಲೆನ್ಸ್‌ನಲ್ಲಿ ಎಳೆ ಕಂಡರೆ ಅದನ್ನು ಉಳಿದವುಗಳಿಂದ ಕೂಡಲೇ ಬೇರೆ ಡಬ್ಬಕ್ಕೆ ಹಾಕಿ. ಒಳಗಿನ ಗಾಜನ್ನು ನೀವೇ ಬಿಚ್ಚಲು ಹೋಗದೆ, ಬೇಗ ಸರ್ವಿಸ್‌ಗೆ ಕೊಡಿ. ಆರಂಭದಲ್ಲಾದರೆ ಒರೆಸಿ ತೆಗೆಯುತ್ತಾರೆ. ಬಿಟ್ಟರೆ ಅದು ಗಾಜಿನ ಲೇಪನವನ್ನೇ ಕೊರೆದುಬಿಡುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ.